ಪುಣೆಯ ಬಯಲಿನಲ್ಲಿ ಕುಂದಗೋಳದ ಸ್ವರ

ಡಿಸೆಂಬರ್ ಬಂತೆಂದರೆ ಪುಣೆಯ ಸಂಗೀತಪ್ರಿಯರು ಕಪಾಟಿನಿಂದ ಶಾಲು, ಸ್ವೆಟರ್ ಹೊರತೆಗೆದು ಬಿಸಿಲಿಗೆ ಹಾಕುತ್ತಾರೆ. ಬರೀ ಚಳಿ ಬಂತೆಂದು ಅಲ್ಲ, ‘ಸವಾಯಿ’ಗೆ ಹೋಗಬೇಕಲ್ಲ! ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ ಎಂಬ ಉದ್ದದ ಹೆಸರನ್ನು ಅಲ್ಲಿನ ಜನ ಪ್ರೀತಿಯಿಂದ ಹೀಗೆ ಗಿಡ್ಡ ಮಾಡಿಕೊಂಡಿದ್ದಾರೆ. ದೊಡ್ಡ ಮೈದಾನದಲ್ಲಿ ಚಪ್ಪರ ಹಾಕಿ, ಸಾವಿರಾರು ಜನ ಒಟ್ಟಿಗೆ ಕುಳಿತು, ಐದು ದಿನ ಹಿಂದುಸ್ತಾನಿ ಸಂಗೀತ ಕೇಳುವ ಹಬ್ಬ ಇದು. ಮೊದಲ ಹಬ್ಬ ನಡೆದದ್ದು 1953ರಲ್ಲಿ.

ಪುಣೆಯ ಹಬ್ಬದ ಸುದ್ದಿ ನಮಗೇಕೆ ಎಂದು ಮಕ್ಕಳು ಕೇಳಬಹುದು. ಹಬ್ಬ ಪುಣೆಯದೇ, ಆದರೆ ಅದರ ಬೇರು ಇರುವುದು ನಮ್ಮ ಧಾರವಾಡ ಜಿಲ್ಲೆಯ ಕುಂದಗೋಳದಲ್ಲಿ. ಹುಬ್ಬಳ್ಳಿಯಿಂದ ಬಸ್ಸು ಹತ್ತಿದರೆ ಒಂದು ತಾಸೂ ಬೇಡ, ಅಷ್ಟು ಹತ್ತಿರದ ಊರು.

ಒಂದೂಕಾಲು ಗಂಧರ್ವ

ಕುಂದಗೋಳದಲ್ಲಿ ರಾಮಭಾವು ಎಂಬ ಗಾಯಕರಿದ್ದರು. ಹುಟ್ಟಿದ್ದು 1886ರಲ್ಲಿ. ಕಿರಾನಾ ಘರಾಣೆಯ ದೊಡ್ಡ ಉಸ್ತಾದರಾದ ಅಬ್ದುಲ್ ಕರೀಂ ಖಾನರಲ್ಲಿ ಅವರು ಸಂಗೀತ ಕಲಿತರು. ಮುಂದೆ ಮರಾಠಿ ನಾಟಕಗಳಲ್ಲಿ ಹಾಡಿ, ನಟಿಸಿ ಹೆಸರಾದರು. ಜನ ಅವರಿಗೆ ‘ಸವಾಯಿ ಗಂಧರ್ವ’ ಎಂಬ ಬಿರುದು ಕೊಟ್ಟರು. ಸವಾಯಿ ಎಂದರೆ ಒಂದೂಕಾಲು. ಗಂಧರ್ವನಿಗಿಂತ ಇನ್ನೂ ಕಾಲು ಪಾಲು ಹೆಚ್ಚು ಎಂದು ಅರ್ಥ! ಬ್ಯಾಂಕಿನಲ್ಲಿ ಕೂಡಿಸಿ ಕಳೆಯುವುದರಲ್ಲೇ ವಯಸ್ಸು ಕಳೆದ ನನಗೆ ಈ ಲೆಕ್ಕ ಬಹಳ ಹಿಡಿಸುತ್ತದೆ.

ಅವರ ಶಿಷ್ಯರ ಹೆಸರು ಕೇಳಿದರೆ ಉತ್ತರ ಕರ್ನಾಟಕದ ಸಂಗೀತದ ಅರ್ಧ ಚರಿತ್ರೆ ಹೇಳಿದ ಹಾಗಾಗುತ್ತದೆ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಬಸವರಾಜ ರಾಜಗುರುಗಳು, ಮುಂಬೈಯ ಫಿರೋಜ್ ದಸ್ತೂರರು ಅವರ ಬಳಿ ಕಲಿತವರೇ. ಇನ್ನೊಬ್ಬ ಶಿಷ್ಯ ಗದುಗಿನ ಹುಡುಗ ಭೀಮಸೇನ ಜೋಶಿ.

ಭೀಮಸೇನರ ಕಥೆಯನ್ನು ಮಕ್ಕಳು ಕೇಳಲೇಬೇಕು. ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಈ ಹುಡುಗನಿಗೆ ಹಾಡಿನ ಹುಚ್ಚು ಹಿಡಿಯಿತು. 1933ರಲ್ಲಿ, 11 ವರ್ಷದವನಿದ್ದಾಗ, ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಹೊರಟೇಬಿಟ್ಟ. ಟಿಕೆಟ್ ಇಲ್ಲದೆ ರೈಲು ಹತ್ತುವುದು, ಹಾಡು ಹೇಳಿ ಊಟ ಗಿಟ್ಟಿಸುವುದು, ಹೀಗೆ ಗ್ವಾಲಿಯರ್, ಕಲ್ಕತ್ತಾ ಸುತ್ತಿ ಪಂಜಾಬಿನ ಜಲಂಧರದವರೆಗೆ ಹೋದ. ಅಲ್ಲಿ ಭೇಟಿಯಾದ ಗಾಯಕ ವಿನಾಯಕರಾವ್ ಪಟವರ್ಧನರು, ‘ನಿನ್ನ ಊರ ಹತ್ತಿರವೇ ಸವಾಯಿ ಗಂಧರ್ವರಿದ್ದಾರಲ್ಲ, ಅವರ ಬಳಿ ಹೋಗು’ ಎಂದು ತಿಳಿಹೇಳಿದರಂತೆ. ದೇಶವೆಲ್ಲ ಅಲೆದ ಹುಡುಗನಿಗೆ ಗುರು ಸಿಕ್ಕಿದ್ದು ಪಕ್ಕದ ತಾಲೂಕಿನಲ್ಲಿ! ಕುಂದಗೋಳದ ಗುರುಗಳ ಮನೆಯಲ್ಲಿದ್ದು, ನೀರು ಹೊತ್ತು, ಮನೆಗೆಲಸ ಮಾಡುತ್ತಾ ಆತ ಕಲಿತ. (ಮಕ್ಕಳೇ, ಕಥೆ ಚೆನ್ನಾಗಿದೆಯೆಂದು ನೀವು ಓಡಿಹೋಗಬೇಡಿ. ಈಗ ರೈಲಿನಲ್ಲಿ ಟಿಕೆಟ್ ತಪಾಸಣೆ ಬಹಳ ಬಿಗಿ.)

ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷ ಪುಣೆಯಲ್ಲಿ ಗುರುವಿನ ನೆನಪಿಗೆ ಈ ಸಂಗೀತೋತ್ಸವ ಶುರುವಾಯಿತು. ಆರ್ಯ ಸಂಗೀತ ಪ್ರಸಾರಕ ಮಂಡಳದ ಮೂಲಕ ಭೀಮಸೇನರು ದಶಕಗಳ ಕಾಲ ಅದನ್ನು ಕಟ್ಟಿ ಬೆಳೆಸಿದರು. 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾಯಿತು. 2011ರ ಜನವರಿಯಲ್ಲಿ ಅವರು ತೀರಿಕೊಂಡ ಮೇಲೆ ಉತ್ಸವದ ಹೆಸರಿನಲ್ಲಿ ಗುರುವಿನ ಜೊತೆಗೆ ಶಿಷ್ಯನ ಹೆಸರೂ ಸೇರಿತು.

ನಾವು ಹೊರಟ ಕಾರಣ

ನನಗೀಗ 74 ವರ್ಷ. ಎಡಗಿವಿ ಸರಿಯಾಗಿ ಕೇಳುವುದಿಲ್ಲ. ಬಲಗಿವಿಯೂ ನಿಧಾನಕ್ಕೆ ಖಾತೆ ಮುಚ್ಚುವ ತಯಾರಿಯಲ್ಲಿದೆ. ವಯಸ್ಸಾದವರಿಗೆ ಮೊದಲು ಹೋಗುವುದು ಸಣ್ಣ ಹೈ ಸ್ವರಗಳಂತೆ. ಗುಬ್ಬಿಯ ಚಿಲಿಪಿಲಿ, ಕುಕ್ಕರಿನ ಸೀಟಿ, ಮಕ್ಕಳ ಮಾತು, ಹೀಗೆ ಒಂದೊಂದೇ ಕಳಚುತ್ತವೆ. ಕಿವಿಗೆ ಯಂತ್ರ ಹಾಕಿಕೊಳ್ಳುತ್ತೇನೆ. ಅದರಿಂದ ಮಾತು ತಿಳಿಯುತ್ತದೆ, ಆದರೆ ತಂಬೂರಿಯ ಝೇಂಕಾರವನ್ನು ಅದು ಹಿಂದಕ್ಕೆ ತಂದುಕೊಡಲಿಲ್ಲ. ಇರುವಷ್ಟು ಕಿವಿಯಲ್ಲಿ ಇನ್ನೊಮ್ಮೆ ಸವಾಯಿಗೆ ಹೋಗಿಬರಬೇಕು ಎಂದು ಮನಸ್ಸಿಗೆ ಬಂತು.

ಜೊತೆಗೆ ಹೊರಟವಳು ಮೊಮ್ಮಗಳು. ಭೀಮಸೇನರು ಮನೆ ಬಿಟ್ಟಾಗಿನ ವಯಸ್ಸೇ ಅವಳದು, 11. ಎರಡು ವರ್ಷದಿಂದ ಹಾಡಿನ ಕ್ಲಾಸಿಗೆ ಹೋಗುತ್ತಾಳೆ. ದೀಪಾವಳಿ ರಜೆಯಲ್ಲಿ, “ಅಜ್ಜಾ, ನಾ ಕ್ಲಾಸ್ ಬಿಡ್ತೀನಿ. ದಿನಾ ಅದ ಸರಿಗಮ. ಬೋರ್ ಆಗೇತಿ” ಅಂದಳು. ನಾನು ಉಪದೇಶ ಮಾಡಲಿಲ್ಲ. “ಬಿಡುಕ್ಕಿಂತ ಮೊದಲ ಎರಡು ದಿನ ನನ್ನ ಜೋಡಿ ಕುಂತು ಕೇಳು. ಆಮ್ಯಾಲೆ ನಿನ್ನ ಮರ್ಜಿ” ಅಂದೆ. ರೈಲಿನ ಪ್ರಯಾಣ ಎಂದ ಕೂಡಲೇ ಒಪ್ಪಿದಳು.

ಐದೂ ದಿನ ಕೂರುವ ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ. ಹಾಗಾಗಿ ಕೊನೆಯ ಶನಿವಾರ, ಭಾನುವಾರ ಎರಡೇ ದಿನ ಎಂದು ಗೊತ್ತುಮಾಡಿದೆವು.

ಗಂಟು ಕಟ್ಟುವ ಶಾಸ್ತ್ರ

ಬಯಲಿನಲ್ಲಿ ಕುಳಿತು ತಾಸುಗಟ್ಟಲೆ ಸಂಗೀತ ಕೇಳುವುದು ಹುಡುಗಾಟವಲ್ಲ. ಮೊಣಕಾಲು, ಬೆನ್ನು, ಹೊಟ್ಟೆ, ಚಳಿ, ನಿದ್ದೆ ಸರದಿಯಂತೆ ಬಂದು ತಕರಾರು ಹೇಳುತ್ತವೆ. ಅವುಗಳ ಬಾಯಿ ಮೊದಲೇ ಮುಚ್ಚಿಸಿದರೆ ಮಾತ್ರ ಕಿವಿ ತನ್ನ ಕೆಲಸ ಮಾಡೀತು. ಆದ್ದರಿಂದ ಒಂದು ಪಟ್ಟಿ ಮಾಡಿ, ಒಂದೊಂದಕ್ಕೂ ಟಿಕ್ ಹಾಕುತ್ತಾ ಚೀಲ ತುಂಬಿದೆವು.

ಕೂರಲು ಇಬ್ಬರಿಗೂ ಒಂದೊಂದು ಗಟ್ಟಿ ದಿಂಬು. ಹಾಸಲು ಜಮಖಾನೆ. ಪುಣೆಯ ಡಿಸೆಂಬರ್ ಹಗಲಲ್ಲಿ ಬಿಸಿಲು ಚುರುಗುಟ್ಟಿಸುತ್ತದೆ, ಸೂರ್ಯ ಇಳಿದ ಮೇಲೆ ಚಳಿ ಒಮ್ಮೆಲೇ ಮೈಮೇಲೆ ಬರುತ್ತದೆ. ಅದಕ್ಕೆ ಹಗಲಿಗೆ ಹತ್ತಿಯ ಬಟ್ಟೆ, ರಾತ್ರಿಗೆ ಸ್ವೆಟರ್, ಶಾಲು, ನನಗೆ ಮಂಕಿ ಟೋಪಿ. ನನ್ನ ಮಾತ್ರೆಗಳು ಹೊತ್ತಿನ ಪ್ರಕಾರ ಡಬ್ಬಿಯಲ್ಲಿ. ಕಿವಿಯ ಯಂತ್ರಕ್ಕೆ ಹೆಚ್ಚಿನ ಸೆಲ್ಲು. ಮೊಮ್ಮಗಳಿಗೆ ಇಯರ್‌ಪ್ಲಗ್, ಯಾಕೆಂದರೆ ಧ್ವನಿವರ್ಧಕದ ಹತ್ತಿರ ಜಾಗ ಸಿಕ್ಕರೆ ಎಳೆಯ ಕಿವಿಗೆ ಅದು ಒಳ್ಳೆಯದಲ್ಲ. ಹಾಗೆಯೇ ಒಂದು ಚಿಕ್ಕ ನೋಟ್‌ಬುಕ್ಕು, ಪೆನ್ಸಿಲ್ಲು.

ತಿನ್ನಲು ಕಟಕ ರೊಟ್ಟಿ, ಶೇಂಗಾ ಚಟ್ನಿ, ಹಚ್ಚಿದ ಅವಲಕ್ಕಿ, ರವೆ ಉಂಡಿ. ಅಜ್ಜಿ ಮೊಣಕಾಲು ನೋವಿನಿಂದ ಬರಲಾಗದೆ, ತನ್ನ ಬದಲು ಇವನ್ನೆಲ್ಲ ಕಳಿಸಿದ್ದಳು.

ಶುಕ್ರವಾರ ರಾತ್ರಿ ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆವು. ಧಾರವಾಡ, ಲೋಂಡಾ, ಬೆಳಗಾವಿ ದಾಟುವಷ್ಟರಲ್ಲಿ ಮೊಮ್ಮಗಳು ಮಲಗಿದ್ದಳು. ಬೆಳಗ್ಗೆ ಪುಣೆಯಲ್ಲಿ ಇಳಿದು, ಲಾಡ್ಜಿನಲ್ಲಿ ಸ್ನಾನ ಮಾಡಿ, ಮಧ್ಯಾಹ್ನ ಒಂದು ತಾಸು ಕಡ್ಡಾಯವಾಗಿ ನಿದ್ದೆ ಮಾಡಿದೆವು. ರಾತ್ರಿ ಎಚ್ಚರ ಇರಬೇಕಾದರೆ ಈ ನಿದ್ದೆ ಬಹಳ ಮುಖ್ಯ.

ಚಪ್ಪರದೊಳಗೆ

ಈಗ ಉತ್ಸವ ನಡೆಯುವುದು ಸ್ವಾರಗೇಟ್ ಸಮೀಪದ ಮುಕುಂದನಗರದಲ್ಲಿ, ಮಹಾರಾಷ್ಟ್ರೀಯ ಮಂಡಳದ ಕ್ರೀಡಾ ಮೈದಾನದಲ್ಲಿ. ಮುಂಚೆ ಅನೇಕ ವರ್ಷ ಹಳೆಯ ಪೇಟೆಯ ನಡುವೆ ರಮಣಬಾಗ್ ಶಾಲೆಯ ಮೈದಾನದಲ್ಲಿ ನಡೆಯುತ್ತಿತ್ತು. ಟಿಕೆಟ್ ತೋರಿಸಿ ಒಳಗೆ ಹೋದರೆ ಒಂದು ಪುಟ್ಟ ಜಾತ್ರೆ. ಪುಸ್ತಕದ ಅಂಗಡಿ, ಹಳೆಯ ಕಲಾವಿದರ ಛಾಯಾಚಿತ್ರಗಳು, ಬದಿಯಲ್ಲಿ ತಿಂಡಿಯ ಸಾಲು. ವೇದಿಕೆಯ ಮುಂದೆ ನೆಲದ ಮೇಲೆ ಕೂರುವ ಬೈಠಕ್, ಹಿಂದೆ ಕುರ್ಚಿಗಳು. ದೂರ ಕುಳಿತವರಿಗೂ ಕಾಣಲೆಂದು ದೊಡ್ಡ ಪರದೆ.

ಜಾಗ ಹಿಡಿಯುವುದರಲ್ಲಿ ಜಾಣತನ ಬೇಕು. ಧ್ವನಿವರ್ಧಕದಿಂದ ದೂರ, ವೇದಿಕೆಗೆ ನೇರ, ಆದರೆ ಓಡಾಡುವ ದಾರಿಯ ಪಕ್ಕ. ನಮ್ಮ ವಯಸ್ಸಿನವರಿಗೆ ಹೊರಗೆ ಹೋಗುವ ಪ್ರಸಂಗ ಬರುತ್ತಿರುತ್ತದಲ್ಲ! ಒಬ್ಬರ ಹಾಡು ಮುಗಿದು ಇನ್ನೊಬ್ಬರು ಬರುವ ನಡುವೆ ಎದ್ದರೆ ಯಾರಿಗೂ ತೊಂದರೆಯಿಲ್ಲ. ಕಾಲು ಚಾಚುವಾಗ ಪಾದ ವೇದಿಕೆಯ ಕಡೆ ಬಾರದಂತೆ ಓರೆಯಾಗಿ ಚಾಚಬೇಕು. ತಪ್ಪಿಸಿಕೊಂಡರೆ ಪುಸ್ತಕದ ಅಂಗಡಿಯ ಮುಂದೆ ನಿಲ್ಲುವುದು ಎಂದು ಮೊದಲೇ ಮಾತಾಡಿಕೊಂಡೆವು. ನನ್ನ ಫೋನ್ ನಂಬರ್ ಬರೆದ ಚೀಟಿ ಅವಳ ಜೇಬಿನಲ್ಲಿತ್ತು.

ನಮ್ಮ ಪಕ್ಕ ಒಬ್ಬ ಮರಾಠಿ ಅಜ್ಜಿ ಬಂದು ಕುಳಿತರು. ಮದುವೆಯಾಗಿ ಪುಣೆಗೆ ಬಂದಾಗಿನಿಂದ ಸವಾಯಿ ತಪ್ಪಿಸಿಲ್ಲವಂತೆ. ಯಾವ ಊರು ಎಂದು ಕೇಳಿದರು. ನನ್ನ ಹರಕು ಮುರುಕು ಮರಾಠಿಯಲ್ಲಿ ಹುಬ್ಬಳ್ಳಿ ಎಂದೆ. “ಹಾಗಾದರೆ ಭೀಮಸೇನರ ಊರ ಕಡೆಯವರು!” ಎಂದು ಕೈಮುಗಿದು, ಚೀಲದಿಂದ ಆಲೇಪಾಕ್ ತೆಗೆದು ಕೊಟ್ಟರು. ಅದು ಶುಂಠಿಯ ಬರ್ಫಿ. ಚಳಿಗೆ, ಗಂಟಲಿಗೆ ಒಳ್ಳೆಯದು. ಮೊಮ್ಮಗಳು ಮೂಗು ಮುರಿದಳು, ಆಮೇಲೆ ಇನ್ನೊಂದು ಕೇಳಿದಳು.

ತಂಬೂರಿ ಮತ್ತು ಹದಿನಾರರ ಲೆಕ್ಕ

ಮೊದಲು ಹಾಡಿದ್ದು ಒಬ್ಬ ತರುಣಿ. ಅವರ ಹಿಂದೆ ಇಬ್ಬರು ತಂಬೂರಿ ಹಿಡಿದು ಕುಳಿತರು, ಪಕ್ಕದಲ್ಲಿ ತಬಲಾ, ಹಾರ್ಮೋನಿಯಂ. ತಂಬೂರಿ ಶ್ರುತಿ ಮಾಡುವುದು ಮುಗಿದು, ತಂತಿ ಮೀಟುತ್ತಾ ಬಹಳ ಹೊತ್ತಾಯಿತು.

“ಅಜ್ಜಾ, ಹಾಡು ಯಾವಾಗ ಶುರು ಆಗ್ತೇತಿ?”

“ಆಗಲೇ ಶುರು ಆಗೇತಿ. ತಂಬೂರಿ ಹ್ಯಾಂಗ ಕೇಳ್ತದ ಹೇಳು ನೋಡೂಣು.”

ಆಕೆ ಕಣ್ಣು ಮುಚ್ಚಿ ಕೇಳಿದಳು. “ಪೆಟಿಗಿಯೊಳಗ ಜೇನಹುಳ ಕೂಡಿ ಹಾಕಿದಂಗ. ಒಳಗ ಇನ್ನೊಂದು ಸಣ್ಣ ದನಿ ಹಾಡಾಕತ್ತೇತಿ. ನಿನಗ ಕೇಳಾಕತ್ತಿಲ್ಲೇನು?”

ನನಗೆ ತಂತಿ ಮೀಟುವ ಬೆರಳು ಕಾಣುತ್ತಿತ್ತು. ಷಡ್ಜದ ತಂತಿ ದಪ್ಪಗೆ ಕೇಳುತ್ತಿತ್ತು. ಅವಳು ಹೇಳಿದ ಸಣ್ಣ ದನಿ ಮಾತ್ರ ಕೇಳಲಿಲ್ಲ. ಚೆನ್ನಾಗಿ ಕೂಡಿಸಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಹುಟ್ಟುತ್ತದೆ ಎಂದು ಸಂಗೀತಗಾರರು ಹೇಳುತ್ತಾರೆ. ನಾಲ್ಕೇ ತಂತಿಯ ವಾದ್ಯದಲ್ಲಿ ಐದನೆಯದೊಂದು ಸ್ವರ! ಹುಡುಗಿ ಅದನ್ನೇ ಹಿಡಿದಿದ್ದಳು. “ನನಗ ಕೇಳಿಸವಲ್ದು. ನೀ ಕೇಳಿ ನನಗ ಹೇಳು” ಅಂದೆ. ಅವಳು ಎದ್ದು ನನ್ನ ಬಲಗಡೆಗೆ ಬಂದು ಕುಳಿತಳು.

ಖಯಾಲ್ ಗಾಯನ ನಿಧಾನಕ್ಕೆ ಶುರುವಾಗುತ್ತದೆ. ಇದನ್ನು ವಿಲಂಬಿತ ಎನ್ನುತ್ತಾರೆ. ಎರಡು ಸಾಲಿನ ಹಾಡನ್ನು ಇಟ್ಟುಕೊಂಡು, ಒಂದೊಂದೇ ಸ್ವರವನ್ನು ಮುಟ್ಟುತ್ತಾ, ಬಿಡುತ್ತಾ ಮೇಲೇರುತ್ತಾರೆ. ಮಕ್ಕಳ ತಾಳ್ಮೆ ಸೋಲುವುದು ಇಲ್ಲಿಯೇ. ಮೊಮ್ಮಗಳು ಕಾಲು ಅಲುಗಿಸಿದಳು, ದಿಂಬು ತಿರುಗಿಸಿದಳು, ಆಕಳಿಸಿದಳು. “ಒಂದ ಶಬ್ದ ಮತ್ತ ಮತ್ತ ಯಾಕ ಹೇಳ್ತಾರ?” ಎಂದು ಪಿಸುಗುಟ್ಟಿದಳು. “ನೀ ಮರಳಿನಾಗ ಮನಿ ಕಟ್ಟಿ, ಕೆಡಿಸಿ, ಮತ್ತ ಕಟ್ಟೂದಿಲ್ಲೇನು? ಹಂಗ” ಅಂದೆ.

ವೇಗದ ಹಾಡು, ಅಂದರೆ ದ್ರುತ್ ಬಂದಾಗ ಅವಳಿಗೆ ಒಂದು ಆಟ ಹೇಳಿಕೊಟ್ಟೆ. ನೀವೂ ಮನೆಯಲ್ಲಿ ಆಡಿ ನೋಡಿ. ತೀನ್‌ತಾಲಕ್ಕೆ 16 ಮಾತ್ರೆ. ಒಂದು ಬೆರಳಿಗೆ ಮೂರು ಗೆರೆ, ತುದಿ ಸೇರಿ ನಾಲ್ಕು ಎಣಿಕೆ. ಹೆಬ್ಬೆರಳಿನಿಂದ ನಾಲ್ಕು ಬೆರಳು ಎಣಿಸಿದರೆ ಸರಿಯಾಗಿ ಹದಿನಾರು. 1, 5, 13ಕ್ಕೆ ಚಪ್ಪಾಳೆ, 9ಕ್ಕೆ ಕೈ ಬೀಸುವುದು. ಮತ್ತೆ ಒಂದಕ್ಕೆ ಬಂದು ಮುಟ್ಟುವ ಜಾಗದ ಹೆಸರು ‘ಸಮ್’. ಗಾಯಕರು ಎಲ್ಲೆಲ್ಲೋ ಹೋಗಿ, ಸಿಕ್ಕಿಹಾಕಿಕೊಂಡರೇನೋ ಎನ್ನಿಸುವ ಹೊತ್ತಿಗೆ ತಬಲದೊಂದಿಗೆ ಸರಿಯಾಗಿ ಸಮ್‌ಗೆ ಬಂದು ನಿಲ್ಲುತ್ತಾರೆ. ಆಗ ಇಡೀ ಚಪ್ಪರ ತಲೆದೂಗುತ್ತದೆ. ದಿನದ ಕೊನೆಗೆ ಕ್ಯಾಶ್ ಪೈಸೆಗೆ ಪೈಸೆ ಟ್ಯಾಲಿ ಆದಾಗ ನಮ್ಮ ಕೌಂಟರಿನಲ್ಲೂ ಇಂಥದೇ ಸಂತೋಷ ಇರುತ್ತಿತ್ತು!

ಮೊದಲ ಕೆಲವು ಸುತ್ತು ಅವಳ ಲೆಕ್ಕ ಜಾರಿತು. ಆಮೇಲೆ ಹಿಡಿದಳು. ಒಮ್ಮೆ ಸಾವಿರಾರು ಜನರ ತಲೆಯ ಜೊತೆ ಅವಳ ತಲೆಯೂ ಅದೇ ಕ್ಷಣಕ್ಕೆ ಬಾಗಿತು. ಪಕ್ಕದ ಅಜ್ಜಿ ನೋಡಿ ನಕ್ಕು, ಅವಳ ಬೆನ್ನು ತಟ್ಟಿದರು.

ಹಸಿವಾದಾಗ ಹೊರಗೆ ಬಂದು ಪಿಠಲೆ ಭಾಕರಿ ತಿಂದೆವು. “ಇದು ನಮ್ಮ ಝುಣಕಾ ರೊಟ್ಟಿ ಅಲ್ಲೇನು?” ಎಂದಳು. ಹೌದು, ಹಿಟ್ಟು ಅದೇ, ಒಗ್ಗರಣೆ ಅದೇ. ಹೆಸರು ಬೇರೆ.

ಹನ್ನೆರಡರ ಗಡಿ

ಹಿಂದೆ ಸವಾಯಿ ರಾತ್ರಿಯಿಡೀ ನಡೆಯುತ್ತಿತ್ತು. 1980ರ ದಶಕದಲ್ಲಿ ಬೆಳಗಾವಿಯಲ್ಲಿ ಕೆಲಸದಲ್ಲಿದ್ದಾಗ ಸ್ನೇಹಿತರ ಜೊತೆ ಒಮ್ಮೆ ಬಂದಿದ್ದೆ. ಮಧ್ಯರಾತ್ರಿ ಮಾಲಕಂಸ, ದರಬಾರಿ ಕೇಳಿ, ಕಣ್ಣು ಕೆಂಪಾಗಿ, ಬೆಳಗಿನ ಚಳಿಯಲ್ಲಿ ಚಹಾದ ಲೋಟಕ್ಕೆ ಕೈ ಕಾಯಿಸಿಕೊಂಡು, ಕೊನೆಗೆ ಬೆಳಗಿನ ಜಾವ ಭೀಮಸೇನರು ತೋಡಿ ಹಾಡಿದ್ದನ್ನು ಕೇಳಿದ್ದೆ. ಸಂಸಾರಗಳು ಹಾಸಿಗೆ ಸಮೇತ ಬರುತ್ತಿದ್ದವು. ಒಬ್ಬರು ಮಲಗಿದರೆ ಒಬ್ಬರು ಎಚ್ಚರ. ಮೆಚ್ಚಿನ ಗಾಯಕರು ಬಂದಾಗ ಮಲಗಿದವರನ್ನು ಅಲುಗಿಸಿ ಎಬ್ಬಿಸುವುದು.

2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷದ ಕೆಲವೇ ದಿನ 12 ಗಂಟೆಯವರೆಗೆ ಸರ್ಕಾರ ಅನುಮತಿ ಕೊಡಬಹುದು. ಆಸ್ಪತ್ರೆಯಲ್ಲಿ ಮಲಗಿದವರು, ಪರೀಕ್ಷೆಗೆ ಓದುವ ಮಕ್ಕಳು ಇರುತ್ತಾರೆ, ನಿಯಮ ಬೇಕಾದದ್ದೇ. ಆದರೆ ಹಿಂದುಸ್ತಾನಿ ಸಂಗೀತದಲ್ಲಿ ಒಂದೊಂದು ರಾಗಕ್ಕೂ ಒಂದೊಂದು ಹೊತ್ತು. ಮಧ್ಯಾಹ್ನ ಶುರುವಾಗಿ ರಾತ್ರಿ ಮುಗಿಯುವ ಕಛೇರಿಯಲ್ಲಿ ಬೆಳಗಿನ ತೋಡಿ, ಲಲಿತಗಳಿಗೆ ಜಾಗವೆಲ್ಲಿ? ಮೊಮ್ಮಗಳ ವಯಸ್ಸಿನವರಿಗೆ ಇಂಥ ಬಯಲಿನಲ್ಲಿ ಸೂರ್ಯೋದಯದ ಜೊತೆ ತೋಡಿ ಕೇಳುವ ಯೋಗ ಇಲ್ಲವಲ್ಲ ಎಂದು ನನಗೆ ಒಂದು ಕೊರಗು.

ಶನಿವಾರ 12ರವರೆಗೆ ಇತ್ತು. ಆ ರಾತ್ರಿಯ ದೊಡ್ಡ ಕಲಾವಿದರು ವೇದಿಕೆಗೆ ಬರುವ ಹೊತ್ತಿಗೆ ಮೊಮ್ಮಗಳು ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಎಬ್ಬಿಸಲೇ ಎಂದು ಯೋಚಿಸಿದೆ. ಅಜ್ಜಿ ಬೇಡವೆಂದು ಕೈ ಮಾಡಿದರು. “ನನ್ನ ಮಕ್ಕಳೂ ಇಲ್ಲೇ ಮಲಗಿ ದೊಡ್ಡವರಾದರು. ಈಗ ಅವರೇ ಟಿಕೆಟ್ ತಂದುಕೊಡುತ್ತಾರೆ” ಎಂದರು. ಶಾಲು ಹೊದೆಸಿ ಸುಮ್ಮನಾದೆ.

ಕರಕರ ಎನ್ನುವ ತಟ್ಟೆ

ಭಾನುವಾರ ಅವಳೇ ಮುಂದಾಗಿ ದಿಂಬು ಹಿಡಿದು ಹೊರಟಳು. ಯಾರಿಗೆ ಯಾವ ತಾಳ, ಯಾವ ರಾಗ ಎಂದು ನನ್ನನ್ನು, ಅಜ್ಜಿಯನ್ನು ಕೇಳಿ ಬರೆದುಕೊಂಡಳು. ಒಂದು ಸಿತಾರ್ ಕಛೇರಿಯ ಎದುರು, ‘ಬೆರಳು ನೋಯೂದಿಲ್ಲೇನು?’ ಎಂದು ಬರೆದದ್ದು ಆಮೇಲೆ ನೋಡಿದೆ.

ಉತ್ಸವದ ಕೊನೆಗೆ ಸವಾಯಿ ಗಂಧರ್ವರ ಹಳೆಯ ಧ್ವನಿಮುದ್ರಿಕೆಯನ್ನು ಕೇಳಿಸುವುದು ವಾಡಿಕೆ. ವೇದಿಕೆಯ ಮೇಲೆ ಯಾರೂ ಇಲ್ಲ. ಆದರೂ ಜನ ಚೀಲ ಕಟ್ಟಲಿಲ್ಲ, ಏಳಲಿಲ್ಲ. ತಟ್ಟೆಯ ಕರಕರ ಸದ್ದಿನ ನಡುವಿನಿಂದ ಒಂದು ಧ್ವನಿ ಎದ್ದು ಬಂತು.

“ಇವರ ಏನಜ್ಜಾ ಕುಂದಗೋಳದವರು?”

“ಇವರ.”

“ನಮ್ಮೂರಿನ ಬಾಜೂಕಿನವರು?”

“ಹೂಂ.”

ಅವಳು ಮತ್ತೇನೂ ಕೇಳಲಿಲ್ಲ, ಬೆರಳ ಮೇಲೆ ಎಣಿಸಲೂ ಇಲ್ಲ. ಆ ಧ್ವನಿ ನನಗೆ ಪೂರ್ತಿ ಕೇಳಿತು. ಹಳೆಯ ಮುದ್ರಿಕೆಯಲ್ಲಿ ಸಣ್ಣ ಹೈ ಸ್ವರಗಳು ಮೊದಲೇ ಕಡಿಮೆ, ನನ್ನ ಕಿವಿಯಲ್ಲೂ ಕಡಿಮೆ. ಇಬ್ಬರಿಗೂ ಸರಿಹೋಯಿತು.

ಊರಿಗೆ ಬಂದ ಮೇಲೆ ಕ್ಲಾಸ್ ಬಿಡುವ ಮಾತು ಅವಳು ಎತ್ತಿಲ್ಲ, ನಾನು ಕೇಳಿಲ್ಲ. ಬಿಟ್ಟರೂ ಬೇಸರವಿಲ್ಲ. ಹಾಡುವವರು ನೂರು ಜನ ಇದ್ದರೆ ಕೇಳುವವರು ಸಾವಿರ ಜನ ಬೇಕು, ಒಬ್ಬಳಂತೂ ತಯಾರಾದಳು.

ನೀವು ಹೊರಡುವುದಾದರೆ

ಅಜ್ಜ-ಅಜ್ಜಿಯರೇ, ಮಕ್ಕಳೇ, ಇದಕ್ಕಾಗಿ ಪುಣೆಗೇ ಹೋಗಬೇಕೆಂದಿಲ್ಲ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ನೆನಪಿಗೆ ಪ್ರತಿವರ್ಷ ಅಹೋರಾತ್ರಿ ಸಂಗೀತ ನಡೆಯುತ್ತದೆ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ 1939ರಿಂದ ನಡೆದುಬಂದಿದೆ. ಮೈಸೂರು ದಸರೆಯಲ್ಲಿ ಅರಮನೆಯ ಮುಂದೆ ಸಂಜೆಯ ಕಛೇರಿ, ಹಂಪಿ ಉತ್ಸವದಲ್ಲಿ ಕಲ್ಲುಬಂಡೆಗಳ ನಡುವೆ ಹಾಡು. ಹತ್ತಿರ ಯಾವುದು ಸಿಕ್ಕರೆ ಅದಕ್ಕೆ ಹೋಗಿ.

ಹೋಗುವಾಗ ಇಷ್ಟು ನೆನಪಿರಲಿ. ಎಲ್ಲವನ್ನೂ ಕೇಳುವ ಹಟ ಬೇಡ, ದಿನಕ್ಕೆ ಎರಡು ಕಛೇರಿ ಮನಸ್ಸಿಟ್ಟು ಕೇಳಿದರೆ ಸಾಕು. ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಬಾಯಾರುವ ಮೊದಲೇ ನೀರು ಕುಡಿಯಿರಿ. ಶೌಚಾಲಯ ಎಲ್ಲಿದೆ ಎಂದು ಹೋದ ಕೂಡಲೇ ನೋಡಿಟ್ಟುಕೊಳ್ಳಿ. ಫೋನ್ ಮೌನವಾಗಿರಲಿ. ವಿಡಿಯೊ ಮಾಡುತ್ತಾ ಕುಳಿತರೆ ಕಣ್ಣು ಪರದೆಯಲ್ಲೇ ಸಿಕ್ಕಿಕೊಂಡು ಕಿವಿಗೆ ರಜೆ ಸಿಗುತ್ತದೆ. ಮಕ್ಕಳಿಗೆ ನಿದ್ದೆ ಬಂದರೆ ಬೈಯಬೇಡಿ. ಮತ್ತೆ ನಿಮ್ಮ ಜೊತೆ ಬರುವ ಹಿರಿಯರಿಗೆ ಯಾವ ಕಿವಿ ಚೆನ್ನಾಗಿ ಕೇಳುತ್ತದೆ ಎಂದು ವಿಚಾರಿಸಿ, ಆ ಕಡೆಯೇ ಕುಳಿತುಕೊಳ್ಳಿ.